‘ದುಡ್ಡು ವಾಪಸ್ ಕಟ್ಟಿದ್ದಾನೆ, ಬಿಡಿ’ ಅಂದರೆ ಬಿಡಬೇಕಾ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಎರಡು ವರ್ಷ ಮನೆ ಕಂದಾಯ, ನೀರಿನ ಕಂದಾಯ ಎರಡನ್ನೂ ಮನೆ ಬಾಗಿಲಿಗೆ ಬಂದ ಬಿಲ್ ಕಲೆಕ್ಟರ್ ಕೈಗೇ ಕೊಟ್ಟು ರಶೀದಿ ತಗೊಂಡಿದ್ದೇನೆ. ಈ ವರ್ಷ ಇ-ಸ್ವತ್ತು (ಮನೆಯ ಆನ್‌ಲೈನ್ ಖಾತೆ) ಮಾಡಿಸೋಕೆ ಹೋದಾಗ ಎರಡು ವರ್ಷದ್ದೂ ಬಾಕಿ ಇದೆ ಅಂದರು. ವಿಚಾರಿಸಿದರೆ ನಮ್ಮ ಬೀದಿಯಲ್ಲೇ ಹತ್ತಾರು ಮನೆಯವರದ್ದು ಇದೇ ಕಥೆ. ಗಲಾಟೆ ಆದ ಮೇಲೆ ಅವನನ್ನು ನಾಲ್ಕು ತಿಂಗಳು ಸಸ್ಪೆಂಡ್ ಮಾಡಿದ್ದರು. ಈಗ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ‘ದುಡ್ಡು ವಾಪಸ್ ಕಟ್ಟಿದ್ದಾನೆ, ಬಿಡಿ’ ಅಂತಾರೆ. ಕಟ್ಟಿದರೆ ಮುಗೀತಾ? ನಮ್ಮ ತೆರಿಗೆ ದುಡ್ಡಿನ ಲೆಕ್ಕ ಯಾರನ್ನು ಕೇಳಬೇಕು? ಕೇಳಿದರೆ ನಮಗೆ ತೊಂದರೆ ಆಗುತ್ತಾ? (ಹೆಸರು, ಊರು ಬೇಡ ಅಂದಿದ್ದಾರೆ)

ಉತ್ತರ: ಮೊದಲು ಒಂದು ಪ್ರಶ್ನೆ ನಾನೇ ಕೇಳ್ತೀನಿ. ಅವನು ದುಡ್ಡು ವಾಪಸ್ ಕಟ್ಟಿದ್ದರೆ ನಿಮ್ಮ ಮನೆಯ ಲೆಕ್ಕದಲ್ಲಿ ಇನ್ನೂ ಬಾಕಿ ಯಾಕೆ ತೋರಿಸುತ್ತಿದೆ?

ಸ್ವಲ್ಪ ಯೋಚನೆ ಮಾಡಿ. ಪಂಚಾಯಿತಿಯಲ್ಲಿ ತೆರಿಗೆ ಬೇಡಿಕೆ, ವಸೂಲಿ, ಬಾಕಿ ಅಂತ ಒಂದು ವಹಿ ಇರುತ್ತದೆ. ಆಫೀಸಿನವರು ಅದನ್ನು ಡಿಸಿಬಿ ಅಂತಾರೆ. ಒಂದೊಂದು ಮನೆಗೂ ಒಂದೊಂದು ಸಾಲು. ಅವನು ಕಟ್ಟಿದ ದುಡ್ಡು ನಿಜವಾಗಿ ನಿಮ್ಮ ದುಡ್ಡೇ ಆಗಿದ್ದರೆ, ನಿಮ್ಮ ಸಾಲಿನ ವಸೂಲಿ ಕಾಲಂಗೆ ಬಂದು ಕೂರಬೇಕಿತ್ತು. ಬಂದಿಲ್ಲ ಅಂದರೆ ಎರಡರಲ್ಲಿ ಒಂದು. ಬ್ಯಾಂಕಿಗೆ ಒಂದು ಗಂಟಾಗಿ ಏನೋ ಒಂದಿಷ್ಟು ಕಟ್ಟಿದ್ದಾನೆ, ಅದು ಯಾರ ಮನೆಯದ್ದು ಅಂತ ಯಾರೂ ಬಿಡಿಸಿ ಬರೆದಿಲ್ಲ. ಇಲ್ಲವಾದರೆ ಕಟ್ಟಿಯೇ ಇಲ್ಲ. ಎಷ್ಟು ಮನೆ, ಎಷ್ಟು ರಶೀದಿ, ಎಷ್ಟು ದುಡ್ಡು ಅಂತ ಎಣಿಸದೆ ‘ವಾಪಸ್ ಕಟ್ಟಿದ್ದಾನೆ’ ಅಂತ ಹೇಳೋಕೆ ಆಗುವುದೇ ಇಲ್ಲ. ಎಷ್ಟು ತಗೊಂಡಿದ್ದಾನೆ ಅಂತ ಅವನೇ ಹೇಳಿ, ಅಷ್ಟನ್ನು ಅವನೇ ಕಟ್ಟಿದರೆ, ಅದು ಅವನ ಲೆಕ್ಕ. ಪಂಚಾಯಿತಿಯ ಲೆಕ್ಕ ಅಲ್ಲ.

ನಿಮ್ಮ ರಶೀದಿ ಜೋಪಾನ. ಅಧಿಕೃತ ವಸೂಲಿಗಾರನಿಗೆ ಕೊಟ್ಟು ಪಂಚಾಯಿತಿ ರಶೀದಿ ಪಡೆದಿದ್ದರೆ ನೀವು ಕಟ್ಟಿದ್ದು ಪಂಚಾಯಿತಿಗೆ. ಅವನು ನಡುದಾರಿಯಲ್ಲಿ ಏನು ಮಾಡಿದ ಅನ್ನುವುದು ಪಂಚಾಯಿತಿಗೂ ಅವನಿಗೂ ಬಿಟ್ಟ ವಿಚಾರ. ಇನ್ನೊಂದು ಸಲ ಕಟ್ಟೋಕೆ ಹೋಗಬೇಡಿ. ರಶೀದಿಯ ಜೆರಾಕ್ಸ್ ಹಚ್ಚಿ ‘ನನ್ನ ಬಾಕಿ ತೆಗೆದುಹಾಕಿ’ ಅಂತ ಒಂದು ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಒರಿಜಿನಲ್ ರಶೀದಿ ಯಾರು ಕೇಳಿದರೂ ಕೊಡಬೇಡಿ. ‘ನೋಡಿ ಕೊಡ್ತೀನಿ ಕೊಡಿ’ ಅಂತ ಇಸ್ಕೊಂಡ ರಶೀದಿ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ.

ಈಗ ‘ಮುಗೀತಾ’ ಅನ್ನುವ ಪ್ರಶ್ನೆ. ಕಾನೂನಿನ ಪ್ರಕಾರ ಮುಗಿಯಲಿಲ್ಲ. ನಂಬಿ ಒಪ್ಪಿಸಿದ ದುಡ್ಡನ್ನು ಸ್ವಲ್ಪ ದಿನದ ಮಟ್ಟಿಗೆ ಮೋಸದಿಂದ ಬಳಸಿಕೊಂಡರೂ ಅದು ದುರ್ಬಳಕೆಯೇ. ಆಮೇಲೆ ವಾಪಸ್ ಇಟ್ಟರೆ ಶಿಕ್ಷೆ ಕಮ್ಮಿ ಆಗಬಹುದು, ತಪ್ಪು ಅಳಿಸುವುದಿಲ್ಲ. 2024ರ ಜುಲೈ 1ಕ್ಕೆ ಮುಂಚಿನ ವಸೂಲಿ ಆದರೆ ಹಳೆಯ ದಂಡ ಸಂಹಿತೆಯ 409ನೇ ಕಲಂ. ಅದರ ನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 316(5). ಎರಡರಲ್ಲೂ ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಮನೆಗಳ್ಳನಿಗಿಂತ ಜಾಸ್ತಿ ಶಿಕ್ಷೆ ಯಾಕೆ ಅಂದರೆ, ಕಳ್ಳ ಬಾಗಿಲು ಮುರಿದು ಬರಬೇಕು. ಇವನಿಗೆ ಬೀಗದ ಕೈ ಕೊಟ್ಟವರೇ ನಾವು. ಭ್ರಷ್ಟಾಚಾರ ತಡೆ ಕಾಯ್ದೆಯ 13ನೇ ಕಲಂ ಕೂಡ ಬರುತ್ತದೆ. ಅದರಲ್ಲಿ ಕನಿಷ್ಠ 4 ವರ್ಷ, ಗರಿಷ್ಠ 10 ವರ್ಷ. ಬಿಲ್ ಕಲೆಕ್ಟರ್ ದೊಡ್ಡ ಸರ್ಕಾರಿ ನೌಕರ ಏನಲ್ಲ ಅಂತ ಕೆಲವರು ವಾದ ಮಾಡ್ತಾರೆ. ಸ್ಥಳೀಯ ಸಂಸ್ಥೆಯ ಸಂಬಳ ತಿನ್ನುವವನೂ ಈ ಕಾನೂನುಗಳ ಲೆಕ್ಕಕ್ಕೆ ಸಾರ್ವಜನಿಕ ನೌಕರನೇ.

ಸಸ್ಪೆಂಡ್ ವಿಚಾರಕ್ಕೆ ಜನ ಸುಮ್ನೆ ಸಿಟ್ಟಾಗ್ತಾರೆ, ಇಲ್ಲವಾದರೆ ಸುಮ್ನೆ ಖುಷಿಯಾಗ್ತಾರೆ. ಸಸ್ಪೆಂಡ್ ಅನ್ನುವುದು ಶಿಕ್ಷೆ ಅಲ್ಲ. ವಿಚಾರಣೆ ಮುಗಿಯುವವರೆಗೆ ವಹಿಗಳಿಂದ ದೂರ ಇಡುವುದು, ಅಷ್ಟೇ. ಸರ್ಕಾರಿ ನೌಕರನಾದರೆ ಆ ಹೊತ್ತಿನಲ್ಲಿ ಶುರುವಿಗೆ ಅರ್ಧ ಸಂಬಳ ಜೀವನಾಧಾರ ಭತ್ಯೆ ಅಂತ ಬರುತ್ತದೆ. ಆರೋಪ ಪಟ್ಟಿ ಕೊಡದೆ ಮೂರು ತಿಂಗಳಿಗಿಂತ ಜಾಸ್ತಿ ಸಸ್ಪೆಂಡ್ ಮುಂದುವರಿಸಬಾರದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನೀವು ಕೇಳಬೇಕಾದ್ದು ‘ಯಾಕೆ ವಾಪಸ್ ತಗೊಂಡಿರಿ’ ಅಂತ ಅಲ್ಲ. ‘ಆ ನಾಲ್ಕು ತಿಂಗಳಲ್ಲಿ ಆರೋಪ ಪಟ್ಟಿ ಕೊಟ್ಟಿರಾ, ವಿಚಾರಣೆ ಶುರು ಮಾಡಿದಿರಾ’ ಅಂತ. ಕೊಟ್ಟಿಲ್ಲ ಅಂದರೆ ಆ ನಾಲ್ಕು ತಿಂಗಳು ಊರಿನ ಬಿಸಿ ಆರಲಿ ಅಂತ ಕಳೆದದ್ದು.

ಭತ್ಯೆ ಯಾಕೆ ಕೊಡಬೇಕು ಅನ್ನುವವರಿಗೆ ಕೋಲಾರ ಚಿನ್ನದ ಗಣಿಯ ಒಂದು ಪ್ರಕರಣ ಹೇಳ್ತೀನಿ. 1985ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆ ಮೇಲೆ ಪೊಲೀಸ್ ದಾಳಿ ಆಯಿತು, ಚಿನ್ನ ಸಿಕ್ಕಿತು ಅಂತ ಕೇಸಾಯಿತು. ಕಂಪನಿ ಸಸ್ಪೆಂಡ್ ಮಾಡಿತು, ಭತ್ಯೆ ಕೊಡಲಿಲ್ಲ. ಕೈಯಲ್ಲಿ ಕಾಸಿಲ್ಲದೆ ವಿಚಾರಣೆಗೆ ಬರೋಕೆ ಅವರಿಗೆ ಆಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಕ್ರಿಮಿನಲ್ ಕೋರ್ಟಿನಲ್ಲಿ ದಾಳಿಯೇ ಸಾಬೀತಾಗಲಿಲ್ಲ, ಖುಲಾಸೆ ಆಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದು ಮಾಡಿ ಕೆಲಸಕ್ಕೆ ವಾಪಸ್ ತಗೊಳ್ಳಿ ಅಂದಿತು. ಕಳ್ಳ ಅಂತ ಕೂಗಿದ ಮಾತ್ರಕ್ಕೆ ಕಳ್ಳ ಆಗುವುದಿಲ್ಲ, ಅಲ್ವಾ? ನಿಮ್ಮೂರಿನ ಹುಡುಗನಿಗೂ ಈ ಮಾತು ಅನ್ವಯ. ಅವನ ಮೇಲೆ ಮೇಲಿನವರ ಒತ್ತಡ ಇತ್ತೋ, ವಸೂಲಿ ದುಡ್ಡಲ್ಲಿ ಆಫೀಸಿನ ಬೇರೆ ಖರ್ಚು ಸಾಗಿತ್ತೋ, ಅದೂ ವಿಚಾರಣೆಯಲ್ಲೇ ಹೊರಗೆ ಬರಬೇಕು. ಅದಕ್ಕೇ ವಿಚಾರಣೆ ನಡೆಯಬೇಕು ಅನ್ನುವುದು.

ಇನ್ನು ಕಳ್ಳತನ ನಡೆಯುವ ರೀತಿ. ನಾನು ಸ್ಥಳೀಯ ಲೆಕ್ಕ ಪರಿಶೋಧನೆಯಲ್ಲಿ ಹತ್ತಿರ ಹತ್ತಿರ ಮೂವತ್ತು ವರ್ಷ ಊರೂರು ಸುತ್ತಿದವನು. ಒಂದು ಕಡೆ, ಮಳೆಗಾಲದ ದಿನ, ಕರೆಂಟಿಲ್ಲ. ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ರಶೀದಿ ಪುಸ್ತಕದ ಕಾರ್ಬನ್ ಪ್ರತಿಗಳನ್ನು ತಿರುವುತ್ತಿದ್ದೆ. ಒಂದು ಹಾಳೆಯಲ್ಲಿ ನೀಲಿ ಕಾರ್ಬನ್ನಿನಲ್ಲಿ 150 ರೂಪಾಯಿ ಅಂತ ಇತ್ತು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಅದರ ಕೆಳಗೆ ಇನ್ನೊಂದು ಅಂಕಿ ಕಾಣಿಸಿತು. ಬಣ್ಣವಿಲ್ಲ, ಬರೀ ಬಾಲ್ ಪೆನ್ ಒತ್ತಿದ ಗುರುತು. 1,850. ಕಾರ್ಬನ್ ತೆಗೆದು ಒರಿಜಿನಲ್ ಬರೆದು ಹರಿದು ಕೊಟ್ಟಿದ್ದಾನೆ. ಆಮೇಲೆ ಬೇರೆ ಕಾಗದ ಇಟ್ಟು, ಕಾರ್ಬನ್ ಹಾಕಿ 150 ಅಂತ ಒತ್ತಿದ್ದಾನೆ. ಬೆರಳಿಂದ ಸವರಿದರೆ 8ರ ಸುತ್ತು ಕೈಗೇ ತಾಕುತ್ತಿತ್ತು. ಆ ಮನೆ ಹುಡುಕಿಕೊಂಡು ಹೋದೆವು. ಅಜ್ಜಿಯೊಬ್ಬರು ದೇವರ ಪಟದ ಹಿಂದಿನಿಂದ ಮಡಚಿಟ್ಟ ರಶೀದಿ ತೆಗೆದು ಕೊಟ್ಟರು. 1,850. ‘ಕಟ್ಟಿದೀನಪ್ಪ, ಮತ್ತೆ ಕೇಳಕ್ಕೆ ಬಂದ್ರಾ?’ ಅಂತ ನಮ್ಮನ್ನೇ ಬೈದರು.

ಇದು ಒಂದು ಬಗೆ. ಇನ್ನೊಂದು, ರಶೀದಿ ಸರಿಯಾಗಿ ಬರೆದು ದುಡ್ಡನ್ನು ಮಾತ್ರ ತಡವಾಗಿ ಕಟ್ಟುವುದು. ಸೋಮವಾರ ವಸೂಲಿ ಮಾಡಿದ್ದು ಇಪ್ಪತ್ತು ದಿನ ಬಿಟ್ಟು ಬ್ಯಾಂಕಿಗೆ ಹೋಗುತ್ತದೆ. ಆ ದಿನ ಕಟ್ಟುವುದೂ ಅವತ್ತು ಬಂದ ಇನ್ನೊಬ್ಬರ ದುಡ್ಡನ್ನು. ಇವನ ಟೋಪಿ ಅವನಿಗೆ, ಅವನ ಟೋಪಿ ಇವನಿಗೆ. ಹಬ್ಬಕ್ಕೋ ಮದುವೆಗೋ ಒಂದು ಸಲ ತೆಗೆದದ್ದು ವರ್ಷಗಟ್ಟಲೆ ಉರುಳುತ್ತದೆ. ಹೀಗೆ ಸಿಕ್ಕಿಬಿದ್ದವರಲ್ಲಿ ಹುಟ್ಟಾ ಕಳ್ಳರು ನನಗೆ ಕಂಡದ್ದು ಕಮ್ಮಿ. ‘ಸಂಬಳ ಬಂದ ತಕ್ಷಣ ಹಾಕ್ತಿದ್ದೆ ಸಾರ್’ ಅನ್ನುವವರೇ ಜಾಸ್ತಿ. ಅವರು ಹೇಳುವುದು ಸುಳ್ಳೂ ಅಲ್ಲ. ಮೊದಲ ತಿಂಗಳೇ ಯಾರಾದರೂ ತಾಳೆ ನೋಡಿದ್ದರೆ ಸಾವಿರದಲ್ಲಿ ನಿಲ್ಲುತ್ತಿತ್ತು.

ಮೂರನೆಯದು, ಪುಸ್ತಕವೇ ಬೇರೆ. ಪ್ರೆಸ್ಸಿನಲ್ಲಿ ಅದೇ ತರಹದ ಇನ್ನೊಂದು ರಶೀದಿ ಪುಸ್ತಕ ಮಾಡಿಸುವುದು. ನಿಮ್ಮ ರಶೀದಿ ಯಾವ ಬಗೆಯದ್ದು ಅಂತ ಪತ್ತೆ ಮಾಡೋಕೆ ದೊಡ್ಡ ತನಿಖೆ ಬೇಡ. ಪಂಚಾಯಿತಿಯಲ್ಲಿ ರಶೀದಿ ಪುಸ್ತಕಗಳ ದಾಸ್ತಾನು ವಹಿ ಇರಬೇಕು. ಯಾವ ನಂಬರಿಂದ ಯಾವ ನಂಬರಿನ ಪುಸ್ತಕ ಯಾವ ತಾರೀಕು ಯಾರಿಗೆ ಕೊಟ್ಟರು, ಯಾವಾಗ ವಾಪಸ್ ಬಂತು ಅಂತ ಅದರಲ್ಲಿ ಬರೆದಿರುತ್ತಾರೆ. ನಿಮ್ಮ ರಶೀದಿ ನಂಬರ್ ಆ ವಹಿಯಲ್ಲಿ ಇದ್ದರೆ ಅಸಲಿ ಪುಸ್ತಕದ ಕಳ್ಳತನ. ಇಲ್ಲದಿದ್ದರೆ ಖೋಟಾ ದಾಖಲೆಯ ಕೇಸೂ ಸೇರುತ್ತದೆ. ವಹಿಯೇ ಇಲ್ಲ ಅಂದರೆ? ಆಗ ಬಿಲ್ ಕಲೆಕ್ಟರನ್ನು ಬಿಟ್ಟು ಅವನ ಮೇಲಿನವರನ್ನು ಕೇಳುವ ಸಮಯ ಬಂತು ಅಂತ ಅರ್ಥ.

ಕೆಎಸ್‌ಆರ್‌ಟಿಸಿ ಬಸ್ಸನ್ನು ನೋಡಿ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುವಾಗ ದಾರಿಯಲ್ಲಿ ಚೆಕಿಂಗ್‌ನವರು ಹತ್ತುತ್ತಾರಲ್ಲ. ಮೊದಲು ತಲೆ ಎಣಿಸುತ್ತಾರೆ. ಆಮೇಲೆ ಕಂಡಕ್ಟರ್ ಕೈಯಿಂದ ಟಿಕೆಟ್ ಮಷಿನ್ ತಗೊಂಡು ಎಷ್ಟು ಟಿಕೆಟ್ ಹರಿದಿದೆ ನೋಡುತ್ತಾರೆ. ಕೊನೆಗೆ ಬ್ಯಾಗಿನ ದುಡ್ಡು. ತಲೆ, ಟಿಕೆಟ್, ದುಡ್ಡು. ಮೂರೂ ತಾಳೆ ಆಗಬೇಕು. ಇವತ್ತಿನ ದುಡ್ಡು ಇವತ್ತೇ ಡಿಪೋದಲ್ಲಿ ಜಮಾ ಆಗಬೇಕು. ಅದಕ್ಕೇ ಅಲ್ಲಿ ಸಿಗುವುದು ನೂರು ಇನ್ನೂರರ ಕಳ್ಳತನ. ನಿಮ್ಮೂರಲ್ಲಿ ಎರಡು ವರ್ಷದ್ದು. ಕಂಡಕ್ಟರುಗಳು ಒಳ್ಳೆಯವರು, ಬಿಲ್ ಕಲೆಕ್ಟರುಗಳು ಕೆಟ್ಟವರು ಅಂತ ಅಲ್ಲ. ಅಲ್ಲಿ ಎಣಿಸುವವರಿದ್ದಾರೆ.

ಚಿಕ್ಕ ಮೊತ್ತ ಅಂತ ಸಾರಿಗೆಯವರು ಬಿಡುವುದೂ ಇಲ್ಲ. ಈಗಿನ ಕಲ್ಯಾಣ ಕರ್ನಾಟಕ ಸಾರಿಗೆಯ (ಆಗ ಈಶಾನ್ಯ ಕರ್ನಾಟಕ) ಒಬ್ಬ ಕಂಡಕ್ಟರ್ ಸುಮಾರು 360 ರೂಪಾಯಿ ಲಪಟಾಯಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2006ರಲ್ಲಿ ಕೋರ್ಟ್ ವಜಾ ಸರಿ ಅಂದಿತು. ಮೊತ್ತ ಮುಖ್ಯ ಅಲ್ಲ, ಸಂಸ್ಥೆಗೆ ಅವನ ಮೇಲಿದ್ದ ನಂಬಿಕೆ ಹೋಯಿತಲ್ಲ, ಅದು ಮುಖ್ಯ ಅಂತ. ಅಡಿಕೆಗೆ ಹೋದ ಮಾನದ ಗಾದೆಯನ್ನೇ ಕೋರ್ಟಿನ ಭಾಷೆಯಲ್ಲಿ ಹೇಳಿದ ಹಾಗಾಯಿತು. ಇಲಾಖಾ ವಿಚಾರಣೆಗೆ ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ಸಾಕ್ಷಿ ಬೇಡ ಅನ್ನುವುದೂ ಗೊತ್ತಿರಲಿ. ಹೀಗೇ ನಡೆದಿರುವ ಸಂಭವ ಜಾಸ್ತಿ ಅಂತ ದಾಖಲೆ ಹೇಳಿದರೆ ಸಾಕು. ಎರಡೂ ಒಟ್ಟಿಗೇ ನಡೆಯಬಹುದು. ‘ಪೊಲೀಸ್ ಕೇಸ್ ಮುಗಿಯಲಿ, ಆಮೇಲೆ ನೋಡೋಣ’ ಅನ್ನುವುದು ತಳ್ಳಿಹಾಕುವ ಮಾತು.

ದೊಡ್ಡ ಮೊತ್ತದಲ್ಲೂ ಕಥೆ ಇದೇ. 2024ರಲ್ಲಿ ವಾಲ್ಮೀಕಿ ನಿಗಮದ ಸುಮಾರು 187 ಕೋಟಿ ರೂಪಾಯಿ ವರ್ಗಾವಣೆಯ ಹಗರಣ ರಾಜ್ಯವನ್ನೇ ಅಲ್ಲಾಡಿಸಿತು. ಅದು ಜನಕ್ಕೆ ಗೊತ್ತಾದದ್ದು ಯಾವ ತಾಳೆ ಪಟ್ಟಿಯಿಂದಲೂ ಅಲ್ಲ. ನಿಗಮದ ಲೆಕ್ಕ ಅಧೀಕ್ಷಕರೊಬ್ಬರು ಪ್ರಾಣ ಕಳೆದುಕೊಳ್ಳುವ ಮುಂಚೆ ಬರೆದಿಟ್ಟ ಪತ್ರದಿಂದ.

ಪಿಡಿಒ ಅವರ ಪಾಲಿಗೆ ಬರೋಣ. ನಗದು ಪುಸ್ತಕಕ್ಕೆ ಸಹಿ ಹಾಕುವವರು ಅವರು. ಪಾಸ್‌ಬುಕ್ಕಿನ ಜೊತೆ ತಾಳೆ ನೋಡಬೇಕಾದವರೂ ಅವರೇ. ಆಡಿಟ್‌ಗೆ ಹೋದಾಗ ನಾನು ಅಂಕಿಗಿಂತ ಮೊದಲು ಸಹಿಯ ಶಾಯಿ ನೋಡ್ತಿದ್ದೆ. ವರ್ಷದ ಅಷ್ಟೂ ತಿಂಗಳ ಸಹಿ ಒಂದೇ ಪೆನ್ನು, ಒಂದೇ ಓರೆ, ಒಂದೇ ಆತುರ. ನಾವು ಬರ್ತೀವಿ ಅಂತ ಗೊತ್ತಾದ ಮೇಲೆ ಒಂದೇ ರಾತ್ರಿ ಕೂತು ಹಾಕಿದ್ದು! ನ್ಯಾಯವಾಗಿ ಹೇಳಬೇಕು ಅಂದರೆ ಅವರ ಮೇಲೂ ಹೊರೆ ಇದೆ. ಉದ್ಯೋಗ ಖಾತರಿ ಕೆಲಸ, ಚುನಾವಣೆ, ಸಮೀಕ್ಷೆ, ಎಷ್ಟೋ ಕಡೆ ಪಕ್ಕದ ಪಂಚಾಯಿತಿಯ ಚಾರ್ಜೂ ಅವರದ್ದೇ. ಆದರೂ ತಿಂಗಳಿಗೊಂದು ಸಲ ಬ್ಯಾಂಕ್ ಪಟ್ಟಿ ಎದುರಿಗಿಟ್ಟುಕೊಂಡು ಅರ್ಧ ದಿನ ಕೂರೋಕೆ ಆಗದ ಕೆಲಸವೇ ಇದು? ನನಗೆ ಹಾಗೆ ಅನ್ನಿಸುವುದಿಲ್ಲ.

ಅವರು ರಾಜ್ಯ ಸರ್ಕಾರದ ನೌಕರರು. ಅವರಿಗೆ 1957ರ ಸಿಸಿಎ ನಿಯಮಗಳು (ನೌಕರರ ಶಿಸ್ತುಕ್ರಮದ ನಿಯಮಗಳು) ಅನ್ವಯ. ನಿರ್ಲಕ್ಷ್ಯದಿಂದ ನಷ್ಟ ಮಾಡಿದ್ದರೆ ಅದನ್ನು ಸಂಬಳದಿಂದ ವಸೂಲಿ ಮಾಡುವುದೂ ಆ ನಿಯಮಗಳ ದಂಡನೆಗಳಲ್ಲಿ ಒಂದು. ನಮ್ಮಲ್ಲಿ ಆಗುವುದೇನು ಅಂದರೆ, ಕೆಳಗಿನ ಒಬ್ಬನನ್ನು ಹಿಡಿದು ಫೈಲ್ ಮುಚ್ಚುತ್ತಾರೆ. ನೋಡಬೇಕಿದ್ದು ನೋಡದವರು ವರ್ಗವಾಗಿ ಹೋಗ್ತಾರೆ. ನಿವೃತ್ತರಾದರೆ ಇನ್ನೂ ಕಷ್ಟ. ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯ ಮೇಲೆ ನಿವೃತ್ತ ನೌಕರರ ವಿರುದ್ಧ ಹೊಸದಾಗಿ ಇಲಾಖಾ ವಿಚಾರಣೆ ಶುರು ಮಾಡೋಕೆ ಸೇವಾ ನಿಯಮ ಬಿಡುವುದಿಲ್ಲ. ಹಾಗಾಗಿ ತಡ ಮಾಡಬೇಡಿ.

ಎಲ್ಲಿಂದ ಶುರು ಮಾಡುವುದು? ದೂರಿನಿಂದ ಅಲ್ಲ, ಕಾಗದದಿಂದ. ದೂರು ಬಿದ್ದ ಮಾರನೇ ದಿನ ವಹಿಗಳಿಗೆ ಗೆದ್ದಲು ಹಿಡಿದದ್ದನ್ನು ನಾನು ಕಂಡಿದ್ದೇನೆ. ಮೊದಲು ಮಾಹಿತಿ ಹಕ್ಕಿನಲ್ಲಿ ದೃಢೀಕೃತ ಪ್ರತಿ ಕೈಗೆ ಬರಲಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು.

ಇಲ್ಲಿ ಎಲ್ಲರೂ ಒಂದು ತಪ್ಪು ಮಾಡ್ತಾರೆ. ‘ಆ ನೌಕರನ ಮೇಲೆ ಏನು ಕ್ರಮ ತಗೊಂಡಿರಿ, ನೋಟಿಸ್ ಪ್ರತಿ ಕೊಡಿ’ ಅಂತ ಬರೀತಾರೆ. ನೌಕರನ ಮೆಮೊ, ದಂಡನೆಗಳು ವೈಯಕ್ತಿಕ ಮಾಹಿತಿ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೇ ತೋರಿಸಿ ಅರ್ಜಿ ತಿರಸ್ಕಾರ ಮಾಡ್ತಾರೆ. ನೀವು ಮನುಷ್ಯನನ್ನು ಕೇಳಬೇಡಿ, ದುಡ್ಡನ್ನು ಕೇಳಿ. ವಸೂಲಾದ ತೆರಿಗೆ ಎಲ್ಲಿ ಜಮಾ ಆಯಿತು ಅನ್ನುವುದು ಯಾರ ವೈಯಕ್ತಿಕ ವಿಚಾರವೂ ಅಲ್ಲ. ಹೀಗೆ ಬರೆಯಿರಿ:

‘ಇಂಥ ಎರಡು ಆರ್ಥಿಕ ವರ್ಷಗಳಲ್ಲಿ ನಮ್ಮ ಗ್ರಾಮದ ತೆರಿಗೆ ಬೇಡಿಕೆ, ವಸೂಲಿ, ಬಾಕಿ ವಹಿ, ಅದೇ ಅವಧಿಯ ರಶೀದಿ ಪುಸ್ತಕಗಳ ದಾಸ್ತಾನು ವಹಿ, ತೆರಿಗೆ ಜಮಾ ಆದ ಬ್ಯಾಂಕ್ ಖಾತೆಯ ವಿವರ ಪಟ್ಟಿ, ತಡವಾಗಿ ಜಮಾ ಮಾಡಿಸಿಕೊಂಡ ಮೊತ್ತದ ಚಲನ್ ಹಾಗೂ ಅದನ್ನು ಯಾವ ಯಾವ ಮನೆಗಳ ಲೆಕ್ಕಕ್ಕೆ ಹೊಂದಿಸಲಾಗಿದೆ ಎಂಬ ಪಟ್ಟಿ. ಇವುಗಳ ದೃಢೀಕೃತ ಪ್ರತಿ ಕೊಡಿ.’

ಕೊನೆಯಲ್ಲಿ ಕೇಳಿದ ಮನೆಗಳ ಪಟ್ಟಿಯೇ ಮುಖ್ಯ. ಆ ಪಟ್ಟಿ ಇಲ್ಲದಿದ್ದರೆ ‘ವಾಪಸ್ ಕಟ್ಟಿದ್ದಾನೆ’ ಅನ್ನುವ ಮಾತಿಗೆ ಆಧಾರವಿಲ್ಲ. ‘ಅಂಥ ಪಟ್ಟಿ ಇರುವುದಿಲ್ಲ’ ಅಂತ ಅವರು ಲಿಖಿತವಾಗಿ ಉತ್ತರ ಕೊಟ್ಟರೂ ನಿಮಗೆ ಲಾಭವೇ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಎರಡನೇ ಅರ್ಜಿ ಬೇರೆ ಹಾಕಿ, ಲೆಕ್ಕ ಪರಿಶೋಧನಾ ವರದಿಗೆ. ಪಂಚಾಯಿತಿಗಳ ಆಡಿಟ್ ಮಾಡುವುದು ರಾಜ್ಯ ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನಾ ಇಲಾಖೆ. ವರದಿಯಲ್ಲಿ ‘ಆಕ್ಷೇಪಣೆಯಲ್ಲಿಟ್ಟ ಮೊತ್ತ’, ‘ವಸೂಲಾತಿಗೆ ಸೂಚಿಸಿದ ಮೊತ್ತ’ ಅಂತ ಎರಡು ಬರುತ್ತವೆ. ಮೊದಲನೆಯದು ದಾಖಲೆ ತೋರಿಸಿ ಅಂತ. ಎರಡನೆಯದು ದುಡ್ಡು ಕಟ್ಟಿಸಿಕೊಳ್ಳಿ ಅಂತ. ಎರಡನೆಯದರಲ್ಲಿ ನಿಮ್ಮೂರಿನ ತೆರಿಗೆ ವಿಚಾರ ಇದೆಯಾ ನೋಡಿ. ಇದ್ದರೆ ಅದಕ್ಕೆ ಪಂಚಾಯಿತಿ ಕೊಟ್ಟ ಉತ್ತರವನ್ನೂ (ಅನುಪಾಲನಾ ವರದಿ) ಕೇಳಿ. ನಾವು ಬರೆದ ಎಷ್ಟೋ ಆಕ್ಷೇಪಣೆಗಳು ವರ್ಷಾನುಗಟ್ಟಲೆ ಉತ್ತರವಿಲ್ಲದೆ ಹಾಗೇ ಬಿದ್ದಿರುತ್ತವೆ. ಬರೆದವನಿಗೇ ಬೇಜಾರು.

ಆಮೇಲೆ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಎಲ್ಲ ಗ್ರಾಮ ಪಂಚಾಯಿತಿಯಲ್ಲೂ ನಡೆಯಬೇಕು. ಹೊರಗಿನ ಅಧಿಕಾರಿಯೊಬ್ಬರು ಬಂದು ಹಿಂದಿನ ವರ್ಷದ ಲೆಕ್ಕ, ಕಾಮಗಾರಿಗಳನ್ನು ಜನರ ಎದುರು ನೋಡುತ್ತಾರೆ. ಎಷ್ಟೋ ಕಡೆ ಇದು ಕಾಫಿ ಕುಡಿದು ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮ ಆಗಿದೆ. ಕೇಳುವವರು ಯಾರೂ ಹೋಗುವುದಿಲ್ಲವಲ್ಲ! ನೀವು ಹತ್ತು ಮನೆಯವರು ಹತ್ತು ರಶೀದಿ ಹಿಡಿದುಕೊಂಡು ಹೋಗಿ. ‘ಈ ನಂಬರ್ ವಹಿಯಲ್ಲಿ ತೋರಿಸಿ’ ಅಂತ ಒಬ್ಬೊಬ್ಬರಾಗಿ ಕೇಳಿ. ಕೂಗಾಡಬೇಡಿ. ನಿಮ್ಮ ಪ್ರಶ್ನೆ ಆ ದಿನದ ನಡವಳಿಯಲ್ಲಿ ಬರೆಯುವವರೆಗೆ ಎದ್ದು ಬರಬೇಡಿ.

ಇಷ್ಟು ಕಾಗದ ಕೈಗೆ ಬಂದ ಮೇಲೆ ತಾಲ್ಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ದೂರು. ಅಲ್ಲಿ ಕದಲದಿದ್ದರೆ ಲೋಕಾಯುಕ್ತ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಭ್ರಷ್ಟಾಚಾರದ ಪೊಲೀಸ್ ಅಧಿಕಾರ ಮತ್ತೆ ಅವರ ಕೈಗೇ ಬಂದಿದೆ. ನಿಗದಿತ ನಮೂನೆಯಲ್ಲಿ, ಅಫಿಡವಿಟ್ ಜೊತೆ ದೂರು ಕೊಡಬೇಕು. ಘಟನೆ ನಡೆದು ಐದು ವರ್ಷ ದಾಟಿರಬಾರದು.

ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ. ಸುಳ್ಳು ಧೈರ್ಯ ಹೇಳಲಾರೆ. ನಲ್ಲಿ ನೀರು ತಡವಾಗಿ ಬಿಡಬಹುದು. ಇ-ಸ್ವತ್ತು ಫೈಲ್ ಕೆಳಗೆ ಹೋಗಬಹುದು. ‘ಊರ ಹುಡುಗನ ಹೊಟ್ಟೆ ಮೇಲೆ ಹೊಡೀತೀಯಾ’ ಅಂತ ಅರಳಿಕಟ್ಟೆಯಲ್ಲಿ ಮಾತು ಬರುವುದಂತೂ ಖಂಡಿತ. ಅದಕ್ಕೆ ಹೆದರಿ ಮೂಗರ್ಜಿ ಮಾತ್ರ ಹಾಕಬೇಡಿ. ಹೆಸರಿಲ್ಲದ ಕಾಗದ ಬಹುತೇಕ ಕಸದ ಬುಟ್ಟಿಗೆ ಹೋಗುತ್ತದೆ, ಯಾರು ಬರೆದದ್ದು ಅಂತ ಊರಿಗೆ ಹೇಗೂ ಗೊತ್ತಾಗುತ್ತದೆ. ಅದರ ಬದಲು ರಶೀದಿ ಇರುವ ಅಷ್ಟೂ ಮನೆಯವರು ಒಂದೇ ಅರ್ಜಿಗೆ ಸಹಿ ಹಾಕಿ. ಅರ್ಜಿಯಲ್ಲಿ ‘ಕಳ್ಳ’ ಅನ್ನುವ ಪದ ಬೇಡ. ‘ನಾವು ಕಟ್ಟಿದ್ದು ಇಷ್ಟು, ವಹಿಯಲ್ಲಿ ಇರುವುದು ಇಷ್ಟು, ವ್ಯತ್ಯಾಸಕ್ಕೆ ಉತ್ತರ ಕೊಡಿ’ ಅಂತ ಇದ್ದರೆ ಸಾಕು. ಅಂಕಿ ಕೇಳಿದವನ ಮೇಲೆ ಮಾನನಷ್ಟದ ಕೇಸ್ ಹಾಕುವುದು ಕಷ್ಟ.

ಒಂದು ಸಣ್ಣ ವಿಷಯ ಉಳಿಯಿತು. ಈಗ ಎಷ್ಟೋ ಪಂಚಾಯಿತಿಗಳಲ್ಲಿ ಕೈಬರಹದ ರಶೀದಿ ಹೋಗಿ ಸ್ವೈಪ್ ಮಷಿನ್ನಿನ ಚೀಟಿ ಬಂದಿದೆ. ಒಳ್ಳೆಯದೇ, ಕಾರ್ಬನ್ ಆಟ ಅದರಲ್ಲಿ ನಡೆಯುವುದಿಲ್ಲ. ಆದರೆ ಆ ಕಾಗದದ ಅಕ್ಷರ ಬಿಸಿಗೆ ಮೂಡುವಂಥದ್ದು. ಬಿಸಿಲು, ಅಡುಗೆಮನೆಯ ಶಾಖ ತಗುಲಿದರೆ ಕೆಲವೇ ತಿಂಗಳಲ್ಲಿ ಬಿಳಿ ಕಾಗದ ಆಗುತ್ತದೆ. ಆ ಅಜ್ಜಿಯ ಹಾಗೆ ದೇವರ ಪಟದ ಹಿಂದೆ, ದೀಪದ ಪಕ್ಕ ಇಟ್ಟರೆ ಇನ್ನೂ ಬೇಗ. ಚೀಟಿ ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಮನೆ ಪತ್ರದ ಜೊತೆ ಇಡಿ.